ಬೆಂಕಿ ರೋಗವನ್ನು ಬರಿಸಿಕೊಂಡ ಬಗೆ: ನನ್ನ ಅನುಭವ

ತೀರ್ಥಹಳ್ಳಿ ಸೀಮೆಯ ಒಂದು ಕೆಂಪಕ್ಕಿ ಭತ್ತಕ್ಕೆ ಪಿಐ 54 ಮತ್ತು ಪಿಐ 9 ಎಂಬ ಎರಡು ಬೆಂಕಿ ರೋಗ (ಬ್ಲಾಸ್ಟ್ ಎಂಬ ಶಿಲೀಂಧ್ರ ರೋಗ) ನಿರೋಧಕ ಜೀನ್‌ಗಳನ್ನು ಒಟ್ಟಿಗೆ ಸೇರಿಸುವ ಕೆಲಸಕ್ಕೆ ಕೈ ಹಾಕಿದಾಗ, ಜೀನ್‌ಗಳ ಬಗ್ಗೆ ಯಾರದೂ ತಕರಾರಿರಲಿಲ್ಲ. ಪಿಐ 9 ಇರುವ ಪೂಸಾ ಬಾಸ್ಮತಿ 1637 ತಳಿ 2016ರಲ್ಲೇ ಬಿಡುಗಡೆಯಾಗಿತ್ತು. ತಕರಾರಿದ್ದುದು ಜಾಗದ ಬಗ್ಗೆ. ಈ ರೋಗಕ್ಕೆ ಹೆಸರಾದ, ಕೊಡಗಿನ ಪೊನ್ನಂಪೇಟೆಯಂಥ ತಾಣವಿರುವಾಗ ಅಡಿಕೆ ತೋಟದ ಅಂಚಿನಲ್ಲಿ ರೋಗ ಬರಿಸಿ ಸಸಿಗಳನ್ನು ಪರೀಕ್ಷಿಸುವ ಮಡಿ ಮಾಡಿ ಏನು ಸಾಧಿಸುತ್ತೀರಿ ಎಂದು ಹಿರಿಯರೊಬ್ಬರು ಸಭೆಯಲ್ಲೇ ಕೇಳಿದ್ದರು.

ಮೊದಲ ಎರಡು ಮಳೆಗಾಲ ಅವರ ಮಾತೇ ನಿಜವಾಯಿತು. ಜುಲೈನಲ್ಲಿ ಮಡಿ ಮಾಡಿ, ಸುತ್ತ ಈ ರೋಗಕ್ಕೆ ಬೇಗ ತುತ್ತಾಗುವ ಎಚ್‌ಆರ್ 12 ತಳಿಯನ್ನು ಬಿತ್ತಿ, ಯೂರಿಯಾವನ್ನು ಧಾರಾಳವಾಗಿ ಕೊಟ್ಟರೂ ಆ ಎಚ್‌ಆರ್ 12 ಕೂಡ 0–9ರ ರೋಗದ ಅಳತೆಯಲ್ಲಿ (ಸೊನ್ನೆ ಎಂದರೆ ರೋಗವಿಲ್ಲ, ಒಂಬತ್ತು ಎಂದರೆ ತೀವ್ರ) ನಾಲ್ಕನ್ನು ದಾಟಲಿಲ್ಲ. ಎಡೆಬಿಡದ ಜಡಿಮಳೆ ಎಲೆಯ ಮೇಲಿನ ಬೀಜಕಣಗಳನ್ನು ತೊಳೆದು ಹಾಕುತ್ತಿತ್ತು. ಬೆಂಕಿ ರೋಗಕ್ಕೆ ಬೇಕಾದದ್ದು ಮಳೆಗಿಂತ ಹೆಚ್ಚಾಗಿ ಇಬ್ಬನಿ, ಮೋಡ, ತಂಪು ರಾತ್ರಿ. ಆದ್ದರಿಂದ ಬಿತ್ತನೆಯನ್ನು ಸೆಪ್ಟೆಂಬರ್ ಕೊನೆಗೆ ಒಯ್ದು, ತೋಟದ ನೆರಳಿನಿಂದಾಗಿ ಬೆಳಿಗ್ಗೆ ಹತ್ತರವರೆಗೂ ಎಲೆ ಒಣಗದ ಎತ್ತರದ ಮಕ್ಕಿ ಗದ್ದೆಯೊಂದನ್ನು ಹಿಡಿದೆವು. ಸಂಜೆ ಸೋಂಕಿನ ಎಲೆಗಳನ್ನು ಚೂರು ಮಾಡಿ ಚೆಲ್ಲಿ, ನೀರು ಸಿಂಪಡಿಸಿ, ರಾತ್ರಿಯೆಲ್ಲ ಪಾಲಿಥೀನ್ ಹೊದಿಸಿದೆವು. ‘ರೋಗ ಹೋಗಿಸುವವರು ಬರುತ್ತಾರೆ, ನೀವು ಬರಿಸುವವರು ಬಂದಿರಲ್ಲ ಮಾರಾಯ್ರೆ’ ಎಂದು ಗದ್ದೆಯವರು ನಕ್ಕರು. ಎರಡು ವಾರ ಕಳೆಯುವಷ್ಟರಲ್ಲಿ ನಡುವೆ ಬೂದು, ಅಂಚಿನಲ್ಲಿ ಕಂದು, ಎರಡೂ ತುದಿ ಚೂಪಾದ ಕಲೆಗಳು ಒಂದಕ್ಕೊಂದು ಕೂಡಿಕೊಂಡು ಎಚ್‌ಆರ್ 12 ಸಸಿಗಳು ಸುಟ್ಟಂತೆ ಮಲಗಿದವು. ಸೋಂಕಿನ ಎಲೆಗಳನ್ನು ಮಳೆಗಾಲ ದಾಟಿಸಿ ಹೇಗೆ ಇಟ್ಟುಕೊಂಡೆವು ಎಂಬುದನ್ನು ಮಾತ್ರ ಸದ್ಯಕ್ಕೆ ಬರೆಯುವುದಿಲ್ಲ.

ಸೋಂಕಿನ ಎಲೆ ಸಾಲದಾದ ಒಂದು ವರ್ಷ ರಾಗಿಯ ಬೆಂಕಿ ರೋಗದ ಎಲೆಗಳನ್ನೂ ಚೆಲ್ಲಿ ನೋಡಿದ್ದುಂಟು. ಭತ್ತದ ಸಸಿಗಳ ಮೇಲೆ ಸೂಜಿಮೊನೆಯಷ್ಟು ಕಂದು ಚುಕ್ಕೆ ಬಿಟ್ಟರೆ ಮತ್ತೇನೂ ಮೂಡಲಿಲ್ಲ.

ಯಾವ ಗಿಡದಲ್ಲಿ ಜೀನ್ ಇದೆ ಎಂದು ಡಿಎನ್‌ಎ ಗುರುತುಗಳಿಂದ ಪತ್ತೆ ಮಾಡುವ ಮಾರ್ಕರ್ ಕೆಲಸ ಅಷ್ಟೇನೂ ಕಾಡಲಿಲ್ಲ. ಪಿಐ 54ಕ್ಕೆ ಅದರ ಪಕ್ಕದ ಆರ್‌ಎಂ 206 ಎಂಬ ಮಾರ್ಕರ್ ಬಿಟ್ಟು ಜೀನ್‌ನೊಳಗಿನ ಮಾರ್ಕರನ್ನೇ ಹಿಡಿದದ್ದರಿಂದ, ಜೀನ್ ಇದ್ದರೆ 216 ಮತ್ತು ಇಲ್ಲದಿದ್ದರೆ 359 ಬೇಸ್‌ಪೇರ್ (ಡಿಎನ್‌ಎ ಉದ್ದದ ಅಳತೆ) ಪಟ್ಟಿಗಳು ಸಾಧಾರಣ ಅಗರೋಸ್ ಜೆಲ್‌ನಲ್ಲೇ ಬೇರೆಯಾಗಿ ಕಂಡವು. ದುಡ್ಡು ಹೋದದ್ದು ಕರೆಂಟಿನಿಂದ: ಗಾಳಿಮಳೆಗೆ ಲೈನ್ ಕಡಿದು ಫ್ರೀಜರ್ ಆರಿ, ಸುಮಾರು ಮೂವತ್ತು ಸಾವಿರ ರೂಪಾಯಿಯ ಎಂಜೈಮ್ ಒಂದೇ ವಾರದಲ್ಲಿ ಕೆಟ್ಟಿತು. ಇನ್ವರ್ಟರ್‌ಗೆ ಅನುದಾನದಲ್ಲಿ ಬಾಬ್ತಿಲ್ಲವೆಂದು ಉತ್ತರ ಬಂದದ್ದರಿಂದ ಅದನ್ನು ಕೈಯಿಂದಲೇ ಕೊಂಡೆ.

ಇದಕ್ಕಿಂತ ದೊಡ್ಡ ತೊಡಕು ತಳಿಯದೇ ಸ್ವಭಾವ. ಹಗಲು ಗಿಡ್ಡವಾಗದೆ ಈ ಭತ್ತ ಹೊಡೆಗೆ ಬರುವುದಿಲ್ಲವಾದ್ದರಿಂದ ವರ್ಷಕ್ಕೆ ಒಂದೇ ತಲೆಮಾರು ಸಿಗುತ್ತಿತ್ತು. ಆ ಲೆಕ್ಕದಲ್ಲಿ ಮೂರನೆಯ ಬ್ಯಾಕ್‌ಕ್ರಾಸ್ (ಮೂಲ ತಳಿಯೊಂದಿಗೇ ಮತ್ತೆ ಮಾಡುವ ಸಂಕರ) ಮುಗಿಯುವಷ್ಟರಲ್ಲಿ ಅನುದಾನವೇ ಮುಗಿಯುತ್ತಿತ್ತು. ಬೆಳಕನ್ನು ಬೇಕಾದಂತೆ ಹೊಂದಿಸಬಹುದಾದ ಗ್ರೋತ್ ಚೇಂಬರ್‌ಗೆ ಲಕ್ಷಗಟ್ಟಲೆ ದರಪಟ್ಟಿ ಬಂದಾಗ, ಒಂದೊಂದಕ್ಕೆ ಒಂಬೈನೂರರಷ್ಟು ಕೊಟ್ಟು ಹಳೆಯ ನೀಲಿ ಪ್ಲಾಸ್ಟಿಕ್ ಡ್ರಮ್‌ಗಳನ್ನು ತಂದು, ಹೊರಗೆ ಕಪ್ಪು ಬಣ್ಣ ಬಳಿದು, ಸಂಜೆ ಐದರಿಂದ ಬೆಳಿಗ್ಗೆ ಏಳರವರೆಗೆ ಕುಂಡದ ಗಿಡಗಳ ಮೇಲೆ ಬೋರಲು ಹಾಕಿದೆವು. ಗಿಡ ಎಷ್ಟು ದಿನದ್ದಾದಾಗ ಹೊದಿಸಲು ಶುರು ಮಾಡಬೇಕು ಎಂಬುದರಲ್ಲೇ ಎಲ್ಲ ಇದೆ. ಅದು ಪ್ರತಿ ತಳಿಗೂ ಬೇರೆ, ಮಾಡಿಯೇ ಕಂಡುಕೊಳ್ಳಬೇಕು. ಏಪ್ರಿಲ್ ಕೊನೆಯಲ್ಲಿ ತೆನೆ ಇಣುಕಿದಾಗ, ಸಭೆಯಲ್ಲಿ ಪ್ರಶ್ನೆ ಕೇಳಿದ್ದ ಹಿರಿಯರೇ ಬಂದು ಡ್ರಮ್ ಎತ್ತಿ ನೋಡಿದರು.

ಕಳೆದ ಹಂಗಾಮಿನ ಮಡಿಯಲ್ಲಿ ಎಚ್‌ಆರ್ 12ಕ್ಕೆ ಒಂಬತ್ತು, ಮೂಲ ತಳಿಗೆ ಏಳರ ಸುಮಾರು, ಪಿಐ 54 ಒಂದೇ ಇದ್ದ ಸಾಲುಗಳಿಗೆ ಮೂರು ನಾಲ್ಕು ಅಂಕ ಬಿದ್ದರೆ, ಎರಡೂ ಜೀನ್ ಇದ್ದವು ಒಂದನ್ನು ಮೀರಲಿಲ್ಲ. ಕುಚ್ಚಲಕ್ಕಿ ಮಾಡಿ ಉಂಡ ಮನೆಯವರು ಅನ್ನದಲ್ಲಿ ವ್ಯತ್ಯಾಸ ಹೇಳಲಿಲ್ಲ. ಆದರೆ ಇದಿಷ್ಟೂ ಎಲೆಯ ಲೆಕ್ಕ. ರೈತನ ಇಳುವರಿಯನ್ನು ನೇರವಾಗಿ ತಿನ್ನುವ, ತೆನೆಯ ಬುಡಕ್ಕೆ ಬೀಳುವ ಕುತ್ತಿಗೆ ಬೆಂಕಿ ರೋಗಕ್ಕೆ ಇವು ಹೇಗೆ ನಿಲ್ಲುತ್ತವೆ ಎಂಬುದನ್ನು ತಿಳಿಯಲು ಈ ಬಾರಿ ಅದೇ ಗದ್ದೆಯಲ್ಲಿ ಸಾಲುಗಳನ್ನು ನಾಟಿ ಮಾಡಿ ತೆನೆಯವರೆಗೆ ಬಿಟ್ಟಿದ್ದೇವೆ.