ನೇರ ಮೆಟ್ಟಿಲು: ಕೊನೆಯ ಹೆಜ್ಜೆಯಲ್ಲೇ ಯಾಕೆ ಎಡವುತ್ತೇವೆ?

ನಮ್ಮ ಮನೆಗೆ ಬಂದವರು ಮಹಡಿ ಹತ್ತುವಾಗ ಕೊನೆಯ ಮೆಟ್ಟಿಲಲ್ಲಿ ಒಮ್ಮೆ ಎಡವಿಯೇ ಎಡವುತ್ತಾರೆ. ಉಳಿದ ಮೆಟ್ಟಿಲುಗಳಿಗಿಂತ ಅದು ಒಂದೇ ಇಂಚು ಎತ್ತರ. ಎಡವೋಕೆ ಅಷ್ಟು ಸಾಕು. ತಪ್ಪು ನನ್ನದೂ ಹೌದು, ಕಾಂಕ್ರೀಟಿಗೆ ಹಲಗೆಯ ಅಚ್ಚು, ಅಂದರೆ ಸೆಂಟ್ರಿಂಗ್ ಹೊಡೆಯುವಾಗ ಸುಮ್ನೆ ನಿಂತು ನೋಡಿದೆ.

ಮೊದಲು ಎತ್ತರ ಅಳೆಯಿರಿ. ಕೆಳಗಿನ ಟೈಲ್ಸ್ ಮೇಲ್ಮೈಯಿಂದ ಮೇಲಿನ ಟೈಲ್ಸ್ ಮೇಲ್ಮೈವರೆಗೆ. 10 ಅಡಿ, ಅಂದರೆ 120 ಇಂಚು ಇದೆ ಅನ್ನಿ. 18ರಿಂದ ಭಾಗಿಸಿದರೆ ಒಂದು ರೈಸರ್, ಅಂದರೆ ಒಂದು ಮೆಟ್ಟಿಲಿನ ಎತ್ತರ, 6.67 ಇಂಚು. ವಯಸ್ಸಾದವರ ಮಂಡಿಗೂ ಹಿತ.

ಈಗ ಕಾಲಿಡುವ ಜಾಗ, ಅಂದರೆ ಟ್ರೆಡ್. ಎರಡು ರೈಸರ್, ಒಂದು ಟ್ರೆಡ್ ಕೂಡಿಸಿದರೆ 24-25 ಇಂಚು ಬರಬೇಕು. ಇದು 17ನೇ ಶತಮಾನದ ಫ್ರೆಂಚ್ ವಾಸ್ತುಶಿಲ್ಪಿ ಬ್ಲೊಂಡೆಲ್ ಹಾಕಿಕೊಟ್ಟ ಲೆಕ್ಕ, ಇಂದಿಗೂ ನಡೆಯುತ್ತದೆ. ಟ್ರೆಡ್ 11 ಇಂಚು ಇಟ್ಟರೆ ಸರಿಹೋಗುತ್ತದೆ. ರೈಸರ್ 18 ಆದರೆ ಟ್ರೆಡ್ 17 ಮಾತ್ರ, ಯಾಕೆಂದರೆ ಕೊನೆಯ ಹೆಜ್ಜೆ ಮಹಡಿಯ ನೆಲದ ಮೇಲೇ ಬೀಳುತ್ತದೆ. ಲಾಭ-ನಷ್ಟ-ಲಾಭ ಅಂತ ಎಣಿಸುವ ಅಜ್ಜಿಗೆ 17 ಒಪ್ಪಿಗೆ. 18 ಅಂತ ಮಾತ್ರ ಅವರ ಮುಂದೆ ಬಾಯಿಬಿಡಬೇಡಿ!

ಒಟ್ಟು ಉದ್ದ 15 ಅಡಿ 7 ಇಂಚು. ಮೇಲೆ ಕೆಳಗೆ ನಿಲ್ಲಲು ಮೂರ್ಮೂರು ಅಡಿ ಸೇರಿಸಿ. ನೇರ ಮೆಟ್ಟಿಲು ಜಾಗ ತಿನ್ನುವುದು ಉದ್ದದಲ್ಲಿ, ಅಗಲದಲ್ಲಲ್ಲ. ಒಂದೇ ಓಟದಲ್ಲಿ ಇಂತಿಷ್ಟೇ ರೈಸರ್ ಇರಬೇಕೆಂಬ ನಿಯಮವೂ ಉಂಟು, ಎಂಜಿನಿಯರ್ ಹತ್ತಿರ ಕೇಳಿಕೊಳ್ಳಿ. ಮಧ್ಯೆ ಒಂದು ಟ್ರೆಡ್ ಬದಲು ನಿಲ್ಲಲು ಮೂರಡಿ ಜಾಗ (ಲ್ಯಾಂಡಿಂಗ್) ಕೊಟ್ಟರೆ ಉದ್ದ ಇನ್ನೆರಡು ಅಡಿ ಜಾಸ್ತಿ.

ತಲೆ ತಾಗಬಾರದು, ಅಲ್ವಾ? ಮೆಟ್ಟಿಲಿನಿಂದ ಸ್ಲ್ಯಾಬಿನ ತಳಕ್ಕೆ 2.2 ಮೀಟರ್, ಅಂದರೆ ಏಳೂಕಾಲು ಅಡಿ ಬೇಕು. 120 ಇಂಚಿನಲ್ಲಿ ಸ್ಲ್ಯಾಬ್ 5 ಇಂಚು, ಅದರ ಮೇಲೆ ಟೈಲ್ಸ್ ಮತ್ತು ಗಾರೆ ಎರಡೂವರೆ ಇಂಚು ಕಳೆದರೆ, ಸ್ಲ್ಯಾಬಿನ ಕೆಳಗೆ ಮೂರೇ ಮೆಟ್ಟಿಲು ಹಿಡಿಯುತ್ತವೆ. ಉಳಿದ 14 ಟ್ರೆಡ್‌ಗೆ ಸ್ಲ್ಯಾಬಿನಲ್ಲಿ ಸುಮಾರು 13 ಅಡಿ ಉದ್ದ ತೆರೆದು ಬಿಡಬೇಕು. ಅಂಚಿನಲ್ಲಿ ಬೀಮ್ ಇಳಿದಿದ್ದರೆ ಇನ್ನೂ ಜಾಸ್ತಿ.

ಇನ್ನು ನಾನು ಮಾಡಿದ ತಪ್ಪು. ನೆಲಕ್ಕೆ ಗಾರೆ, ಟೈಲ್ಸ್ ಸೇರಿ ಎರಡೂವರೆ ಇಂಚು ಬಂತು. ಮೆಟ್ಟಿಲಿಗೆ ಗ್ರಾನೈಟ್ ಸೇರಿ ಒಂದೂವರೆ. ಕಾಂಕ್ರೀಟಿನಲ್ಲಿ 18 ರೈಸರೂ ಸಮ ಇದ್ದವು. ಆದರೆ ಕೆಲಸ ಮುಗಿದಾಗ ಮೊದಲನೆಯದು ಒಂದು ಇಂಚು ತಗ್ಗಿತು, ಕೊನೆಯದು ಒಂದು ಇಂಚು ಏರಿತು.

ಹಾಗಾಗಿ ಕಾಂಕ್ರೀಟ್ ಹಾಕುವಾಗಲೇ ಮೊದಲನೆಯದನ್ನು 7.67 ಇಂಚು, ಕೊನೆಯದನ್ನು 5.67 ಇಂಚು ಇಡಿಸಿ. ಪ್ರತಿ ಮೆಟ್ಟಿಲಿಗೂ ಟೇಪ್ ಹಿಡಿದರೆ ಕೂದಲೆಳೆ ತಪ್ಪುಗಳು ಸೇರಿ ದೊಡ್ಡದಾಗುತ್ತವೆ. ಒಂದು ನೆಟ್ಟಗಿನ ಮರದ ರೀಪಿನ ಮೇಲೆ ಎಲ್ಲ ಮೆಟ್ಟಿಲಿನ ಎತ್ತರದ ಗೆರೆಗಳನ್ನೂ ಎಳೆದು, ಅದನ್ನೇ ಗೋಡೆಗೆ ನಿಲ್ಲಿಸಿ ಗುರುತು ಹಾಕಿಸಿ. ‘ಸಾರ್, ಇದು ಸಮ ಇಲ್ಲ’ ಅಂತ ಮೇಸ್ತ್ರಿ ತಕರಾರು ತೆಗೆದರೆ, ಗ್ರಾನೈಟ್ ತುಂಡನ್ನೂ ಟೈಲ್ಸನ್ನೂ ತಂದು ಅಲ್ಲೇ ಇಟ್ಟು ತೋರಿಸಿ.