ಸತ್ತ ಮೇಲೆ ಯಾರ ಜೊತೆ? ಚೀಟಿ ಬರೆಸಿ ಅಭಿಪ್ರಾಯ ಕೇಳಿದ ನನ್ನ ಅನುಭವ

ಸಿನಿಮಾ ಮುಗಿದ ತಕ್ಷಣ ‘ಹೇಗಿತ್ತು?’ ಅಂತ ಯಾರನ್ನೂ ಕೇಳಬೇಡಿ. ನಮ್ಮ ಉಡುಪಿಯಲ್ಲಂತೂ ಕೇಳಲೇಬೇಡಿ. ‘ಅಡ್ಡಿಲ್ಲ’ ಎಂದು ಹೇಳಿ ಚಪ್ಪಲಿ ಹುಡುಕಲು ಶುರು ಮಾಡುತ್ತಾರೆ. ಕಣ್ಣೀರು ಒರೆಸಿಕೊಂಡವರದ್ದೂ ಅದೇ ಉತ್ತರ, ಅರ್ಧಕ್ಕೇ ಗೊರಕೆ ಹೊಡೆದವರದ್ದೂ ಅದೇ ಉತ್ತರ.

ಕುಂಜಿಬೆಟ್ಟಿನ ನಮ್ಮ ಮನೆಯಲ್ಲಿ ಆಚೀಚೆ ಮನೆಯವರು ಸೇರಿ ಆಗಾಗ ಸಿನಿಮಾ ನೋಡುತ್ತೇವೆ. ಸಂಘ ಗಿಂಘ ಏನಿಲ್ಲ. ಟಿವಿ ಸ್ವಲ್ಪ ದೊಡ್ಡದುಂಟು, ಕುರ್ಚಿ ಕಡಿಮೆ ಬಿದ್ದರೆ ಪಕ್ಕದ ಮನೆಯಿಂದ ಬರುತ್ತದೆ. ನೋಡಿದವರು ಏನು ಹೇಳಿದರು ಎಂದು ಬರೆದಿಡುವ ಚಾಳಿ ಮಾತ್ರ ನನ್ನದು. ಇಂತಹ ಅಭಿಪ್ರಾಯ ಸಂಗ್ರಹಕ್ಕೆ ನಾನು ಕಂಡುಕೊಂಡ ಒಂದೇ ದಾರಿ: ಸಿನಿಮಾದ ಬಗ್ಗೆ ಕೇಳಬಾರದು, ಪಾತ್ರದ ತೀರ್ಮಾನದ ಬಗ್ಗೆ ಕೇಳಬೇಕು. ಆಗ ಜನ ಬಾಯಿ ಬಿಡುತ್ತಾರೆ.

ಇದು ಚೆನ್ನಾಗಿ ಗೊತ್ತಾಗಿದ್ದು ‘ಎಟರ್ನಿಟಿ’ ನೋಡಿದಾಗ. 2025ರ ಇಂಗ್ಲಿಷ್ ಸಿನಿಮಾ, ನಿರ್ದೇಶಕ ಡೇವಿಡ್ ಫ್ರೇನ್. ಪ್ರೀತಿ, ತಮಾಷೆ, ಪರಲೋಕ ಮೂರೂ ಇದೆ. ಲ್ಯಾರಿ ಎಂಬ ಮುದುಕ ಪ್ರೆಟ್ಜೆಲ್ ಎಂಬ ಉಪ್ಪು ತಿಂಡಿ ಗಂಟಲಲ್ಲಿ ಸಿಕ್ಕಿ ಸಾಯುತ್ತಾನೆ. ಕ್ಯಾನ್ಸರ್ ಆಗಿದ್ದ ಹೆಂಡತಿ ಜೋನ್ ಸ್ವಲ್ಪ ದಿನದಲ್ಲೇ ಹಿಂದೆಯೇ ಬರುತ್ತಾಳೆ. 65 ವರ್ಷದ ಸಂಸಾರ ಅವರದ್ದು. ಆದರೆ ಅಲ್ಲಿ ಅವಳ ಮೊದಲ ಗಂಡ ಲ್ಯೂಕ್ ನಿಂತಿರುತ್ತಾನೆ. ಕೊರಿಯಾ ಯುದ್ಧದಲ್ಲಿ ಸತ್ತವನು. ಅವಳು ಬರಲಿ ಎಂದು 67 ವರ್ಷ ಅಲ್ಲೇ ಬಾರಿನಲ್ಲಿ ಕೆಲಸ ಮಾಡುತ್ತಾ ಕಾದಿದ್ದಾನೆ. ಒಂದು ವಾರದೊಳಗೆ ಅವಳು ಯಾವ ಲೋಕಕ್ಕೆ, ಯಾರ ಜೊತೆ ಎಂದು ಹೇಳಬೇಕು. ಒಮ್ಮೆ ಹೇಳಿದರೆ ಬದಲಾಯಿಸುವ ಹಾಗಿಲ್ಲ. ಸತ್ತವರೆಲ್ಲ ತಾವು ತುಂಬಾ ಖುಷಿಯಾಗಿದ್ದ ಪ್ರಾಯದ ರೂಪದಲ್ಲಿ ಇರುತ್ತಾರೆ, ಹಾಗಾಗಿ ಮೂವರೂ ನೋಡಲು ಯುವಕರೇ.

ಇದನ್ನು ನಮ್ಮ ಹಿರಿಯರಿಗೆ ತೋರಿಸುವಾಗ ಮೊದಲ ತೊಡಕು ಸಬ್‌ಟೈಟಲ್. ಓದಲು ಕಷ್ಟ, ಓದಿದರೂ ಅಷ್ಟು ಬೇಗ ಆಗುವುದಿಲ್ಲ. ಮಣಿಪಾಲದಲ್ಲಿ ಓದುವ ಪಕ್ಕದ ಮನೆಯ ಹುಡುಗಿ ತುಳುವಿನಲ್ಲಿ ಹೇಳುತ್ತಾ ಹೋಗಲು ಒಪ್ಪಿದಳು. ಅವಳಿಗೆ ಮೊದಲೇ ಒಂದು ಕರಾರು ಹಾಕಿದ್ದೆ. ಲ್ಯೂಕ್‌ನನ್ನು ‘ಚಂದದ ಹುಡುಗ’ ಅನ್ನಬಾರದು, ಲ್ಯಾರಿಯನ್ನು ‘ಪಾಪದ ಅಜ್ಜ’ ಅನ್ನಬಾರದು. ‘ಮೊದಲ ಗಂಡ’, ‘ಎರಡನೇ ಗಂಡ’, ಅಷ್ಟೇ. ಹೇಳುವವರ ಬಾಯಲ್ಲೇ ತೀರ್ಪು ಇದ್ದರೆ ಕೇಳುವವರ ಅಭಿಪ್ರಾಯ ಅಲ್ಲಿಗೇ ಮುಗಿಯಿತು.

ಸಿನಿಮಾ ನಡೆಯುವಾಗ ನಾನು ಪರದೆಗಿಂತ ಮುಖಗಳನ್ನು ಜಾಸ್ತಿ ನೋಡುತ್ತೇನೆ. ಎಲ್ಲಿ ನಕ್ಕರು, ಯಾರು ಮೊದಲು ನಕ್ಕರು ಎಂದು ಪುಸ್ತಕದಲ್ಲಿ ಗುರುತು ಹಾಕುತ್ತೇನೆ. ನಗು ಸುಳ್ಳು ಹೇಳುವುದು ಕಡಿಮೆ. ಆ ಪರಲೋಕದ ನಿಲ್ದಾಣದಲ್ಲಿ ಬೇರೆ ಬೇರೆ ಲೋಕಗಳ ಜಾಹೀರಾತು ಸ್ಟಾಲ್‌ಗಳಿವೆ. ಬೀಚ್ ಲೋಕ, ಬೆಟ್ಟದ ಲೋಕ, ಸಿಗರೇಟು ಸೇದುವವರ ಲೋಕ. ಗಂಡಸರೇ ಇಲ್ಲದ ಲೋಕವೂ ಒಂದಿದೆ, ಅದು ಭರ್ತಿಯಾಗಿ ಬಾಗಿಲು ಹಾಕಿದೆ. ಹುಡುಗಿ ಅದನ್ನು ಹೇಳಿದ್ದೇ ತಡ, ಹೆಂಗಸರ ಸಾಲು ಒಟ್ಟಿಗೆ ನಕ್ಕಿತು. ಗಂಡಸರು ಒಬ್ಬರನ್ನೊಬ್ಬರು ನೋಡಿಕೊಂಡು ಆಮೇಲೆ ನಕ್ಕರು. ಈ ಒಂದು ಗುರುತೇ ನನಗೆ ಅರ್ಧ ಅಭಿಪ್ರಾಯ.

ನಿರ್ದೇಶಕರು ಲೆಕ್ಕ ಹಾಕಿರದ ಕಡೆಯೂ ನಗು ಬರುತ್ತದೆ. ಲ್ಯಾರಿ ಸಾಯುವುದು ಹುಟ್ಟಲಿರುವ ಮಗು ಗಂಡೋ ಹೆಣ್ಣೋ ಎಂದು ಎಲ್ಲರೆದುರು ತಿಳಿಸುವ ಪಾರ್ಟಿಯಲ್ಲಿ. ನಿವೃತ್ತ ನರ್ಸ್ ಒಬ್ಬರು ಕುರ್ಚಿಯಿಂದಲೇ ಎದ್ದರು. “ಇದೆಂತ! ನಮ್ಮಲ್ಲಾದರೆ ಕೇಸ್ ಆಗ್ತದೆ!” ಹೌದಲ್ವಾ, ನಮ್ಮಲ್ಲಿ ಭ್ರೂಣಲಿಂಗ ಪತ್ತೆಯನ್ನು 1994ರ ಕಾನೂನೇ ನಿಷೇಧಿಸಿದೆ. ಪಾಪ, ಸತ್ತವನ ಬಗ್ಗೆ ಯಾರಿಗೂ ಚಿಂತೆಯೇ ಇರಲಿಲ್ಲ.

ಪರಲೋಕವನ್ನು ಆಫೀಸು ಮಾಡಿದ್ದು ನಮ್ಮವರಿಗೆ ಹೊಸದಲ್ಲ. ಯಮನ ಆಸ್ಥಾನ, ಚಿತ್ರಗುಪ್ತನ ಕಡತ, ಹೆಸರು ತಪ್ಪಾಗಿ ಬೇರೆಯವರನ್ನು ಎಳೆದು ತರುವ ದೂತರು, ಇವೆಲ್ಲ ಯಕ್ಷಗಾನದ ಹಾಸ್ಯದಲ್ಲೂ ನಾಟಕದಲ್ಲೂ ನೋಡಿ ಬೆಳೆದ ಜನ. ಹಾಗಾಗಿ ಗುಮಾಸ್ತರಂತಹ ಸಲಹೆಗಾರರು ಬಂದಾಗ ವಿವರಣೆಯೇ ಬೇಕಾಗಲಿಲ್ಲ. ಅವರಲ್ಲಿ ನಟಿ ಡವೈನ್ ಜಾಯ್ ರ‍್ಯಾಂಡಾಲ್ಫ್ ಮಾಡಿದ ಪಾತ್ರ ಎಲ್ಲರಿಗೂ ಇಷ್ಟವಾಯಿತು. ನಿವೃತ್ತ ಬ್ಯಾಂಕ್ ಮ್ಯಾನೇಜರ್ ಮಾವ ಒಬ್ಬರಿದ್ದಾರೆ, ಸರ್ವೀಸಿನಲ್ಲಿ ಅರ್ಧ ಭಾರತ ಸುತ್ತಿದವರು. ಅವರು, “ಇದು ಟ್ರಾನ್ಸ್‌ಫರ್‌ಗೆ ಆಪ್ಷನ್ ಕೊಟ್ಟ ಹಾಗೆ ಉಂಟು ಮಾರಾಯ್ರೆ. ಕಾಗದದಲ್ಲಿ ಚಂದ ಕಾಣ್ತದೆ. ಹೋಗಿ ಸೇರಿದ ಮೇಲೆ ಗೊತ್ತಾಗೋದು,” ಅಂದರು. ಕೊನೆಯಲ್ಲಿ ಕಥೆ ಹೋಗುವುದೂ ಹಾಗೆಯೇ. ಅವರಿಗೆ ಮೊದಲೇ ಹೊಳೆದುಬಿಟ್ಟಿತ್ತು.

ಈಗ ಚೀಟಿಯ ವಿಷಯ. ಜೋನ್ ಇಬ್ಬರ ಜೊತೆಯೂ ಒಂದೊಂದು ಲೋಕ ನೋಡಿ ಬಂದ ಮೇಲೆ, ತೀರ್ಮಾನ ಹೇಳುವ ಮೊದಲು ನಾನು ಸಿನಿಮಾ ನಿಲ್ಲಿಸಿದೆ. ಎಲ್ಲರಿಗೂ ಒಂದೊಂದು ಚೀಟಿ, ಒಂದೊಂದು ಪೆನ್ಸಿಲ್. ಚೀಟಿಯಲ್ಲಿ ಮೊದಲೇ ಮೂರು ಸಾಲು ಬರೆದಿಟ್ಟಿದ್ದೆ: ಮೊದಲ ಗಂಡ, ಎರಡನೇ ಗಂಡ, ಯಾರೂ ಬೇಡ. ಒಂದಕ್ಕೆ ಗುರುತು ಹಾಕಬೇಕು, ಮನಸ್ಸಿದ್ದರೆ ಯಾಕೆ ಎಂದು ಒಂದು ಮಾತು. ಮಡಿಸಿ ಸ್ಟೀಲ್ ಡಬ್ಬಿಗೆ ಹಾಕಬೇಕು. ಹೆಸರು ಬೇಡ. ತೆಗೆದು ಓದುವ ಕೆಲಸವನ್ನೂ ಆ ಹುಡುಗಿಗೇ ಕೊಟ್ಟೆ. ನಮ್ಮನೆಯವರ ಅಕ್ಷರ ನನಗೆ ಗೊತ್ತಾಗದೆ ಇರುತ್ತದಾ? ಸುಮ್ನೆ ಯಾಕೆ ತೊಂದರೆ.

ಚೀಟಿ ಹಾಕಿದ ಮೇಲೆ ಚಹಾ, ಗೋಳಿಬಜೆ. ಆಗ ಬಾಯಿಮಾತಿನಲ್ಲಿ ಕೇಳಿದೆ, ಅವಳು ಯಾರ ಜೊತೆ ಹೋಗಬೇಕು ಅಂತ. ಹೆಚ್ಚುಕಮ್ಮಿ ಎಲ್ಲರದ್ದೂ ಒಂದೇ ಮಾತು: ಎರಡನೆಯವನ ಜೊತೆ. 65 ವರ್ಷ ಒಟ್ಟಿಗೆ ಬಾಳಿದ್ದಾರೆ, ಮಕ್ಕಳು ಮರಿ ಆಗಿದ್ದಾರೆ, ಇನ್ನೇನು ಪ್ರಶ್ನೆ? ಡಬ್ಬಿ ತೆಗೆದರೆ ಬೇರೆಯೇ ಕಥೆ. ಮೊದಲ ಗಂಡನಿಗೆ ಬಿದ್ದ ಗುರುತುಗಳು ಬಾಯಲ್ಲಿ ಕೇಳಿದ್ದಕ್ಕಿಂತ ಎಷ್ಟೋ ಜಾಸ್ತಿ. ‘ಯಾರೂ ಬೇಡ’ ಎಂಬುದೂ ಖಾಲಿ ಇರಲಿಲ್ಲ. ಒಂದು ಚೀಟಿಯಲ್ಲಿ ‘ಯಾರೂ ಬೇಡ’ದ ಎದುರು ‘ನಿದ್ದೆ’ ಎಂದಷ್ಟೇ ಬರೆದಿತ್ತು. ಹುಡುಗಿ ಅದನ್ನು ಗಟ್ಟಿಯಾಗಿ ಓದಿದಾಗ ಎಲ್ಲರೂ ನಕ್ಕರು. ಬರೆದವರೂ ನಕ್ಕಿರಬೇಕು.

ಗಂಡ ಹೆಂಡತಿಯನ್ನು ಒಟ್ಟಿಗೆ ಕೂರಿಸಿ ಇಂತಹ ಸಿನಿಮಾದ ಅಭಿಪ್ರಾಯ ಕೇಳಿ ಪ್ರಯೋಜನವಿಲ್ಲ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಮುಖ ನೋಡುತ್ತಿರುತ್ತಾರೆ. ಗಂಡಸರನ್ನು ಜಗಲಿಯಲ್ಲಿ ಬಿಟ್ಟು, ಲೋಟ ತೊಳೆಯುವ ನೆಪದಲ್ಲಿ ಹೆಂಗಸರ ಜೊತೆ ಅಡುಗೆಮನೆಗೆ ಬಂದೆ. ಅಲ್ಲಿ ಸಿಕ್ಕಿದ್ದೇ ಅಸಲಿ ಮಾತು. ಕೇಳಿಯೇ ಬರೆಯುತ್ತಿದ್ದೇನೆ, ಹೆಸರು ಹಾಕುವುದಿಲ್ಲ.

ಒಬ್ಬರು ಅಕ್ಕ ಇದ್ದಾರೆ. ಗಂಡ 30 ವರ್ಷ ದುಬೈಯಲ್ಲಿದ್ದು ಈಗ ಊರಿಗೆ ಬಂದಿದ್ದಾರೆ. ಆ ಅಕ್ಕ ಲೋಟ ಒರೆಸುತ್ತಾ ಹೇಳಿದರು: “ಅವಳಿಗೆ 65 ವರ್ಷ ಸಿಕ್ಕಿತು. ನನಗೆ ವರ್ಷಕ್ಕೆ ಒಂದು ತಿಂಗಳು ರಜೆ. ಲೆಕ್ಕ ಹಾಕಿದರೆ ಎರಡೂವರೆ ವರ್ಷದ ಸಂಸಾರ ಮಾರಾಯ್ತಿ. ಕಾಯೋದೇನು ಸುಲಭದ ಕೆಲಸವಾ? ಆ ಮೊದಲ ಗಂಡ 67 ವರ್ಷ ಕಾದದ್ದಕ್ಕೆ ಬೆಲೆಯೇ ಇಲ್ವಾ?” ನಾನು ಕೇಳಿದೆ, ಹಾಗಾದರೆ ನಿಮ್ಮ ಗುರುತು ಅವನಿಗೇನಾ ಅಂತ. “ಮತ್ತೆ? ನಮ್ಮವರು ಎರಡನೆಯವನಿಗೆ ಹಾಕಿರ್ತಾರೆ ನೋಡು,” ಅಂದರು. ಜಗಲಿಗೆ ಹೋಗಿ ಕೇಳಿದರೆ, ಆ ಭಾವ ಲ್ಯಾರಿಯ ಪರವಾಗಿ ದೊಡ್ಡ ಭಾಷಣವನ್ನೇ ಮಾಡುತ್ತಿದ್ದರು. ದಿನಾ ಜೊತೆಗಿದ್ದು ಜಗಳ ಮಾಡಿದವನೇ ಗಂಡ ಅಂತೆ! ಅವರಿಗೆ ಈಗ ಆ ಭಾಗ್ಯ ಹೊಸದಾಗಿ ಸಿಕ್ಕಿದೆ, ಇರಲಿ.

ಮುಂಬಯಿ, ಗಲ್ಫ್ ಎಂದು ಗಂಡಸರು ಹೊರಗೇ ದುಡಿದ ಕರಾವಳಿಯ ಮನೆಗಳಲ್ಲಿ ಈ ಸಿನಿಮಾ ಬೇರೆ ಕಡೆ ಓಡಿದ ಹಾಗೆ ಓಡುವುದಿಲ್ಲ. ಕಾದವರಿಗೆ ಕಾದವನ ಮೇಲೆ ಕನಿಕರ. ಆ ಕೋಣೆಯಲ್ಲಿ ಲ್ಯೂಕ್‌ಗೆ ಸಿಕ್ಕಿದ ಬೆಂಬಲಕ್ಕೆ ನಟ ಕ್ಯಾಲಮ್ ಟರ್ನರ್ ಅವರ ಮುಖ ಮಾತ್ರ ಕಾರಣ ಅಂತ ನನಗೆ ಅನ್ನಿಸಲಿಲ್ಲ. ಸ್ವಲ್ಪ ಅದೂ ಇರಬಹುದು.

ನಮ್ಮ ದೊಡ್ಡಮ್ಮನ ಪ್ರಶ್ನೆ ಮಾತ್ರ ನಾನು ಯೋಚಿಸಿಯೇ ಇರದ ಕಡೆಯಿಂದ ಬಂತು. “ಸತ್ತ ಮೇಲೆ ಅವಳೇ ಆರಿಸೋದಾ? ಮಕ್ಕಳನ್ನು ಕೇಳೋದು ಬೇಡ್ವಾ? ಆಟಿಯಲ್ಲಿ ಬಳಸುವಾಗ ಯಾವ ಗಂಡನ ಪಕ್ಕ ಅವಳ ಎಲೆ ಹಾಕೋದು?”

ಮಳೆಗಾಲದ ಆಟಿ ತಿಂಗಳಲ್ಲಿ, ತೀರಿಹೋದ ಹಿರಿಯರಿಗೆ, ಅಂದರೆ ಕುಲೆಗಳಿಗೆ, ಎಲೆ ಹಾಕಿ ಅಡುಗೆ ಬಳಸಿ ಇಡುವ ಕ್ರಮ ತುಳುನಾಡಿನ ಎಷ್ಟೋ ಮನೆಗಳಲ್ಲಿ ಇಂದಿಗೂ ಇದೆ. ಸತ್ತವರು ಎಲ್ಲೋ ದೂರದ ಲೋಕಕ್ಕೆ ಹೋದವರಲ್ಲ, ಮನೆಯ ಲೆಕ್ಕದಲ್ಲೇ ಇರುವವರು. ಅವರಿಗೆ ಮದುವೆಯನ್ನೂ ಮಾಡುತ್ತೇವೆ. ಚಿಕ್ಕಂದಿನಲ್ಲೇ ತೀರಿಹೋದ ಮಗು ಇದ್ದಿದ್ದರೆ ಮದುವೆ ಪ್ರಾಯಕ್ಕೆ ಬರುತ್ತಿತ್ತು ಎನ್ನುವಾಗ ಮನೆಯಲ್ಲಿ ಏನಾದರೂ ಅಡೆತಡೆ ಕಂಡರೆ, ಹಾಗೆಯೇ ತೀರಿಹೋದ ಜೋಡಿಯನ್ನು ಹುಡುಕುತ್ತಾರೆ. ಜಾತಿ, ಬರಿ (ಗೋತ್ರದ ಹಾಗೆ ತುಳುವರ ಕುಲದ ಹೆಸರು) ಎಲ್ಲ ನೋಡಿ, ನಿಶ್ಚಯ ಮಾಡಿ, ಸೀರೆ ಇಟ್ಟು ಮದುವೆ ಮಾಡುತ್ತಾರೆ. 2024ರಲ್ಲಿ ಪುತ್ತೂರು ಕಡೆಯ ಒಂದು ಮನೆಯವರು, 30 ವರ್ಷದ ಹಿಂದೆ ತೀರಿಹೋದ ಮಗಳಿಗೆ ಅಷ್ಟೇ ಹಿಂದೆ ತೀರಿಹೋದ ವರ ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟದ್ದು ದೇಶವಿಡೀ ಸುದ್ದಿಯಾಗಿತ್ತಲ್ವಾ? ಹೊರಗಿನವರಿಗೆ ಅದು ಸೋಜಿಗ. ದೊಡ್ಡಮ್ಮನಿಗೆ ಸೋಜಿಗ ಅಂದರೆ ಜೋನ್: ಸತ್ತ ಹೆಂಗಸು, ಯಾರನ್ನೂ ಕೇಳದೆ, ತನ್ನ ಗಂಡನನ್ನು ತಾನೇ ಆರಿಸುತ್ತಾಳೆ. “ಒಳ್ಳೆದೇ ಬಿಡು, ಬದುಕಿರುವಾಗ ನಮ್ಮನ್ನು ಯಾರು ಕೇಳಿದ್ರು?” ಎಂದು ಆಮೇಲೆ ಅವರೇ ಸೇರಿಸಿದರು. ಈ ಸಿನಿಮಾದ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆ ನನಗೆ ಎಲ್ಲೂ ಸಿಗಲಿಲ್ಲ.

ಚಹಾದ ನಂತರ ಉಳಿದ ಭಾಗ ನೋಡಿದೆವು. ಕೊನೆ ಗೊತ್ತಾಗುವುದು ಬೇಡ ಅನ್ನುವವರು ಮುಂದಿನ ಈ ಒಂದು ಪ್ಯಾರಾ ಬಿಟ್ಟು ಓದಿ.

ಜೋನ್ ಲ್ಯೂಕ್ ಜೊತೆ ಬೆಟ್ಟದ ಲೋಕಕ್ಕೆ ಹೋಗುತ್ತಾಳೆ. ಅಲ್ಲಿ ತನ್ನ ಬದುಕಿನ ನೆನಪುಗಳನ್ನು ನಾಟಕದ ದೃಶ್ಯಗಳ ಹಾಗೆ ತೋರಿಸುವ ಒಂದು ಜಾಗವಿದೆ. ಅವಳು ಮತ್ತೆ ಮತ್ತೆ ನೋಡುವುದು ಲ್ಯಾರಿ ಜೊತೆಗಿನ ದಿನಗಳನ್ನು. ಕೊನೆಗೆ ನಿಯಮ ಮುರಿದು ಓಡಿ ಅವನ ಬಳಿಗೇ ಬರುತ್ತಾಳೆ. ನಮ್ಮ ಕೋಣೆಯಲ್ಲಿ ಚಪ್ಪಾಳೆ ಬಿತ್ತು, ಆದರೆ ಎಲ್ಲ ಕುರ್ಚಿಗಳಿಂದ ಅಲ್ಲ. ದುಬೈ ಅಕ್ಕ ಕೈಕಟ್ಟಿ ಕೂತಿದ್ದರು. “ಅವನು ಪುನಃ ಒಬ್ಬನೇ ಆದ,” ಎಂದಷ್ಟೇ ಹೇಳಿದರು. ಬ್ಯಾಂಕ್ ಮಾವನ ತಕರಾರು ಬೇರೆ: ನಿಯಮ ಅಷ್ಟು ಬಿಗಿ ಎಂದು ಮೊದಲಿಂದ ಹೆದರಿಸಿ, ಕೊನೆಗೆ ಅಷ್ಟು ಸುಲಭವಾಗಿ ಬಿಟ್ಟರೆ ಆಫೀಸು ನಡೆಯುವುದು ಹೇಗೆ?

ಮಾವ ಹೇಳಿದ್ದನ್ನು ನಾನೂ ಒಪ್ಪುತ್ತೇನೆ. ನನ್ನ ಲೆಕ್ಕದಲ್ಲಿ ಕಥೆಯ ಎಳೆ ಸಿನಿಮಾಗಿಂತ ದೊಡ್ಡದು. ಮಧ್ಯದಲ್ಲಿ ಎಳೆದಾಡುತ್ತಾರೆ. ಲ್ಯೂಕ್ ಪಾತ್ರಕ್ಕೆ ಕಾಯುವುದು ಬಿಟ್ಟರೆ ಬೇರೆ ಗುಣ ಕೊಟ್ಟಿಲ್ಲ. ಆದರೆ ಜೋನ್ ಆಗಿರುವ ಎಲಿಜಬೆತ್ ಓಲ್ಸನ್ ಮತ್ತು ಲ್ಯಾರಿ ಆಗಿರುವ ಮೈಲ್ಸ್ ಟೆಲ್ಲರ್ ಯುವಕರ ದೇಹದೊಳಗೆ ಮುದುಕರಾಗಿ ಕೂತಿದ್ದಾರೆ. ಟೆಲ್ಲರ್ ಗೊಣಗುವ ರೀತಿ ನೋಡಿ ಮೂರ್ನಾಲ್ಕು ಮಂದಿ ಹೆಂಗಸರು ಒಟ್ಟಿಗೆ ಜಗಲಿಯ ಕಡೆ ತಿರುಗಿದ್ದೂ ನನ್ನ ಪುಸ್ತಕದಲ್ಲಿದೆ.

ಬರೆಯುವಾಗ ನಾನು ಪಾಲಿಸುವುದು ಸ್ವಲ್ಪವೇ. ಅದೇ ರಾತ್ರಿ ಬರೆಯುತ್ತೇನೆ, ಬೆಳಿಗ್ಗೆಗೆ ಬಿಟ್ಟರೆ ಅವರ ಮಾತು ನನ್ನ ಮಾತಾಗಿಬಿಡುತ್ತದೆ. ಅವರು ಹೇಳಿದ ಹಾಗೆಯೇ ಇಡುತ್ತೇನೆ, ತಿದ್ದುವುದಿಲ್ಲ. ಸ್ಟಾರ್ ಕೊಡಿಸುವುದಿಲ್ಲ. ಐದರಲ್ಲಿ ಮೂರು ಅಂದರೆ ಯಾರಿಗೆ ಏನು ತಿಳಿಯಿತು? ಎಲ್ಲರ ಅಭಿಪ್ರಾಯ ಕೂಡಿಸಿ ಸರಾಸರಿ ತೆಗೆಯುವುದಂತೂ ಇಲ್ಲವೇ ಇಲ್ಲ. ದುಬೈ ಅಕ್ಕನನ್ನೂ ಅವರ ಗಂಡನನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಇಬ್ಬರೂ ಮಾಯ. ಬಾಯಲ್ಲಿ ಹೇಳಿದ್ದು ಒಂದು ಕಡೆ, ಚೀಟಿಯಲ್ಲಿ ಬಂದದ್ದು ಇನ್ನೊಂದು ಕಡೆ, ಎರಡನ್ನೂ ಎದುರುಬದುರು ಇಡುತ್ತೇನೆ.

ಮುಂದಿನ ಸಲಕ್ಕೂ ಇದೇ ಜಾತಿಯದ್ದು ಬೇಕು ಎಂಬ ಬೇಡಿಕೆ ಬಂದಿದೆ. ಆಲ್ಬರ್ಟ್ ಬ್ರೂಕ್ಸ್ ಬರೆದು, ನಿರ್ದೇಶಿಸಿ, ನಟಿಸಿದ 1991ರ ‘ಡಿಫೆಂಡಿಂಗ್ ಯುವರ್ ಲೈಫ್’ ತೋರಿಸುತ್ತೇನೆ. ಮೆರಿಲ್ ಸ್ಟ್ರೀಪ್ ಇದ್ದಾರೆ. ಅದರಲ್ಲಿ ಸತ್ತವರ ಬದುಕಿನ ದಿನಗಳನ್ನೇ ಕೋರ್ಟಿನಲ್ಲಿ ಹಾಕಿ ತೋರಿಸಿ, ಇವನು ಎಷ್ಟು ಹೆದರಿಕೊಂಡು ಬದುಕಿದ ಎಂದು ವಾದ ನಡೆಯುತ್ತದೆ. ಎಷ್ಟು ತಿಂದರೂ ಅಲ್ಲಿ ದಪ್ಪ ಆಗುವುದಿಲ್ಲ, ಅದು ನಮ್ಮವರಿಗೆ ಹಿಡಿಸುವುದು ಖಂಡಿತ. ಚೀಟಿಯ ಪ್ರಶ್ನೆ ಈಗಲೇ ತಯಾರು: ನಿಮ್ಮ ಬದುಕಿನ ಯಾವ ದಿನವನ್ನು ಎಲ್ಲರೆದುರು ತೋರಿಸಬಾರದು? ಊರು ಮತ್ತು ಇಸವಿ ಬರೆದರೆ ಸಾಕು, ಏನಾಯಿತು ಎಂದು ಬೇಡ. ಬ್ಯಾಂಕ್ ಮಾವ ಕೇಳಿದವರೇ ಪೆನ್ಸಿಲ್ ಬೇಡ ಅಂದಿದ್ದಾರೆ. ಅತ್ತೆ, ಇವರ ಚೀಟಿಯನ್ನೂ ತಾನೇ ಬರೆಯುತ್ತೇನೆ ಅಂದಿದ್ದಾರೆ.