ಈ ಸಲ ಫ್ಲೈವೀಲನ್ನೂ ಬಿಚ್ಚಿದೆ

ನಮ್ಮ ಪಿಕಪ್ 2009ರದ್ದು. ಅಪ್ಪ ವಾರಕ್ಕೆ ನಾಲ್ಕು ಸಲ ಮದ್ದೂರಿನಿಂದ ಎಳನೀರು ತುಂಬಿಕೊಂಡು ಬರುತ್ತಾರೆ. ದೂರ ಸುಮಾರು 80 ಕಿಲೋಮೀಟರ್ ಅಷ್ಟೇ. ಆದರೆ ಮದ್ದೂರಿನಿಂದ ಬೆಂಗಳೂರಿಗೆ ಒಟ್ಟಾರೆ ಏರುದಾರಿ. ಗಾಡಿ ಇಳಿಯುವಾಗ ಖಾಲಿ, ಹತ್ತುವಾಗ ಭರ್ತಿ. ಅದಾದ ಮೇಲೆ ಕೆಂಗೇರಿಯಿಂದ ನಾಯಂಡಹಳ್ಳಿಯವರೆಗಿನ ದಟ್ಟಣೆ: ಹತ್ತು ಅಡಿ ಮುಂದೆ ಹೋಗಿ ನಿಲ್ಲುವುದು, ಮತ್ತೆ ಹತ್ತು ಅಡಿ ಹೋಗಿ ನಿಲ್ಲುವುದು. ಹೆದ್ದಾರಿಯಲ್ಲಿ ಕ್ಲಚ್ ಸವೆಯುವುದು ಕಡಿಮೆ. ಅದನ್ನು ತಿನ್ನುವುದು ಪೆಡಲ್ ಅರ್ಧ ತುಳಿದೇ ಓಡಿಸುವ ಈ ಹಾಫ್ ಕ್ಲಚ್ ಓಟ.

ಮೂರು ವರ್ಷದ ಹಿಂದೆ ಒಂದು ಗ್ಯಾರೇಜಿನಲ್ಲಿ ಕ್ಲಚ್ ಪ್ಲೇಟ್ ಮತ್ತು ಪ್ರೆಶರ್ ಪ್ಲೇಟ್ ಬದಲಾಯಿಸಿದ್ದರು. ಎಂಜಿನ್ನಿನ ಹಿಂಬದಿಯಲ್ಲಿ ತಿರುಗುವ ಭಾರದ ಚಕ್ರವೇ ಫ್ಲೈವೀಲ್. ಪ್ರೆಶರ್ ಪ್ಲೇಟ್ ಕ್ಲಚ್ ಪ್ಲೇಟನ್ನು ಅದಕ್ಕೆ ಒತ್ತಿ ಹಿಡಿದಾಗಲೇ ಎಂಜಿನ್ನಿನ ಬಲ ಗೇರ್‌ಬಾಕ್ಸಿಗೆ ಹೋಗುವುದು. ಆ ಫ್ಲೈವೀಲಿಗೆ ಎಮರಿ ಪೇಪರ್ ಉಜ್ಜಿ ಹಾಗೆಯೇ ಬಿಟ್ಟಿದ್ದರು. ಕೆಲವೇ ತಿಂಗಳಲ್ಲಿ ಮೊದಲ ಗೇರಿನಲ್ಲಿ ಹೊರಡುವಾಗ ಗಾಡಿ ಗಡಗಡ ನಡುಗತೊಡಗಿತು. ಈ ವರ್ಷ ಅದರ ಜೊತೆಗೆ ಸ್ಲಿಪ್ ಕೂಡ ಸೇರಿಕೊಂಡಿತು. ಬಿಡದಿಯ ಹತ್ತಿರ ನಾಲ್ಕನೇ ಗೇರಿನಲ್ಲಿ ಎಂಜಿನ್ ಕೂಗುತ್ತದೆ, ಗಾಡಿ ಮಾತ್ರ ಓಡುವುದಿಲ್ಲ, ಸುಟ್ಟ ವಾಸನೆ ಬೇರೆ. ಮನೆಯ ಮುಂದೆ ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರ್ ಹಾಕಿ ಕ್ಲಚ್ ನಿಧಾನವಾಗಿ ಬಿಟ್ಟು ನೋಡಿದೆ. ಸರಿಯಿರುವ ಕ್ಲಚ್ ಆಗಿದ್ದರೆ ಎಂಜಿನ್ ತಕ್ಷಣ ಆಫ್ ಆಗಬೇಕು. ನಮ್ಮದು ಓಡುತ್ತಲೇ ಇತ್ತು.

ನಾನು ಪೀಣ್ಯದಲ್ಲಿ ಲೇತ್ ಕೆಲಸ ಮಾಡುವವನು. ಕಬ್ಬಿಣದ ಮೇಲ್ಮೈ ಹೇಗಿದೆ ಎಂದು ನೋಡುವುದೇ ನನ್ನ ದಿನದ ಕೆಲಸ. ಹಾಗಿರುವಾಗ ನಮ್ಮದೇ ಗಾಡಿಯ ಫ್ಲೈವೀಲನ್ನು ನಾನೇ ನೋಡದೆ ಬಿಟ್ಟದ್ದು ಮನಸ್ಸಿನಲ್ಲಿ ಕೊರೆಯುತ್ತಿತ್ತು. ಎರಡು ದಿನ ರಜೆ ಹಾಕಿದೆ. ಸುಂಕದಕಟ್ಟೆಯ ನಮ್ಮ ಮನೆಯ ಮುಂದಿನ ಸಿಮೆಂಟ್ ನೆಲದಲ್ಲೇ ಗಾಡಿ ನಿಲ್ಲಿಸಿ, ಸಹಾಯಕ್ಕೆ ಭಾವಮೈದುನನನ್ನು ಕರೆದೆ.

ಗಾಡಿ ಎತ್ತುವ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಬೀದಿಗಳಲ್ಲಿ ಸಿಮೆಂಟ್ ಬ್ಲಾಕ್ ಜೋಡಿಸಿ ಅದರ ಮೇಲೆ ಗಾಡಿ ಕೂರಿಸಿ ಕೆಳಗೆ ಮಲಗುವವರನ್ನು ನೋಡಿದ್ದೇನೆ. ಬ್ಲಾಕ್ ಒಡೆಯುವ ಮುಂಚೆ ಸೂಚನೆ ಕೊಡುವುದಿಲ್ಲ. ನಾಲ್ಕು ಕಬ್ಬಿಣದ ಸ್ಟ್ಯಾಂಡುಗಳನ್ನು ಬಾಡಿಗೆಗೆ ತಂದು, ಚಾಸಿಸ್ ಕೆಳಗೆ ಕೊಟ್ಟು, ಗಾಡಿಯನ್ನು ಪಕ್ಕದಿಂದ ಜೋರಾಗಿ ಅಲುಗಾಡಿಸಿ ನೋಡಿದ ಮೇಲೆಯೇ ಒಳಗೆ ನುಸುಳಿದೆ.

ಬ್ಯಾಟರಿಯ ನೆಗೆಟಿವ್ ತಂತಿ ಮೊದಲು ಬಿಚ್ಚಿದೆ, ಆಮೇಲೆ ಸ್ಟಾರ್ಟರ್. ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳತ್ತ ಹೋಗುವ ಪ್ರೊಪೆಲ್ಲರ್ ಶಾಫ್ಟ್ ತೆಗೆಯುವ ಮೊದಲು, ಅದನ್ನು ಜೋಡಿಸುವ ಎರಡೂ ಫ್ಲ್ಯಾಂಜುಗಳ ಮೇಲೆ ಒಂದೇ ಗೆರೆಯಲ್ಲಿ ಬಿಳಿ ಬಣ್ಣ ಹಚ್ಚಿದೆ. ತಿರುಗಿಸಿ ಕೂರಿಸಿಬಿಟ್ಟರೆ ಬ್ಯಾಲೆನ್ಸ್ ತಪ್ಪಿ ಗಾಡಿ ಓಡುವಾಗ ಗುಂಯ್‌ಗುಡುತ್ತದೆ. ಪೆಡಲ್ ತುಳಿದಾಗ ಆಯಿಲಿನ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರನ್ನು ಪೈಪ್ ಸಮೇತ ಬಿಚ್ಚಿ ಪಕ್ಕಕ್ಕೆ ಕಟ್ಟಿದೆ. ಆ ಹೊತ್ತಿನಲ್ಲಿ ಯಾರೂ ಪೆಡಲ್ ತುಳಿಯಬಾರದು, ತುಳಿದರೆ ಪಿಸ್ಟನ್ ಹೊರಗೆ ಹಾರುತ್ತದೆ. ಅದಕ್ಕೇ ಪೆಡಲಿಗೆ ಕೆಂಪು ಬಟ್ಟೆ ಸುತ್ತಿಟ್ಟೆ. ಗೇರ್‌ಬಾಕ್ಸ್ ಇಳಿಸುವ ಮುಂಚೆ ಎಂಜಿನ್ನಿನ ಹಿಂಭಾಗಕ್ಕೆ ಮರದ ದಿಮ್ಮಿ ಇಟ್ಟು ಜ್ಯಾಕ್ ಕೊಡಬೇಕು, ಇಲ್ಲದಿದ್ದರೆ ಎಂಜಿನ್ ಹಿಂದಕ್ಕೆ ವಾಲುತ್ತದೆ. ಗೇರ್‌ಬಾಕ್ಸ್ ಹೊರಬರುವಾಗ ಅದರ ಭಾರ ಕ್ಲಚ್ ಪ್ಲೇಟಿನೊಳಗೆ ತೂರಿರುವ ಇನ್‌ಪುಟ್ ಶಾಫ್ಟಿನ ಮೇಲೆ ಬೀಳದ ಹಾಗೆ ಇಬ್ಬರೂ ಕೈಕೊಟ್ಟು ನೇರವಾಗಿ ಹಿಂದಕ್ಕೆ ಎಳೆದೆವು.

ಒಳಗೆಲ್ಲ ಕಪ್ಪು ಧೂಳು. ಅದಕ್ಕೆ ಏರ್ ಹೊಡೆಯಬೇಡಿ. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರಬಹುದು, ಅದು ಶ್ವಾಸಕೋಶಕ್ಕೆ ಹೋದರೆ ವಾಪಸು ಬರುವುದಿಲ್ಲ. ಮಾಸ್ಕ್ ಹಾಕಿಕೊಂಡು ಒದ್ದೆ ಬಟ್ಟೆಯಿಂದ ಒರೆಸಿದೆವು.

ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ, ಅರ್ಧರ್ಧ ಸುತ್ತು ಸಡಿಲಿಸಿ ತೆಗೆದೆ. ಫ್ಲೈವೀಲಿನ ಮುಖ ಕಂಡಿತು. ಅದರ ಮೇಲೆ ನವಿಲಿನ ಕತ್ತಿನ ಬಣ್ಣದ ಏಳೆಂಟು ಮಚ್ಚೆಗಳು, ಕೆಲವು ರೂಪಾಯಿ ನಾಣ್ಯದಷ್ಟು ಅಗಲ. ಅವುಗಳ ನಡುವೆ ಕೂದಲೆಳೆಯಂಥ ಬಿರುಕುಗಳು. ಉಗುರು ಆಡಿಸಿದರೆ ಮಚ್ಚೆಯ ಅಂಚು ತಗಲುತ್ತಿತ್ತು. ಗಡಗಡ ನಡುಕದ ಮೂಲ ಇದೇ.

ಫ್ಲೈವೀಲ್ ಎರಕದ ಕಬ್ಬಿಣದ್ದು. ಕ್ಲಚ್ ಜಾರಿ ಜಾರಿ ಒಂದೊಂದು ಜಾಗ 700 ಡಿಗ್ರಿ ಸೆಲ್ಸಿಯಸ್ ಮೀರಿ ಕಾದು, ಸುತ್ತಲಿನ ತಣ್ಣನೆಯ ಕಬ್ಬಿಣ ಆ ಬಿಸಿಯನ್ನು ಗಬಕ್ಕನೆ ಎಳೆದುಕೊಂಡಾಗ ಅಲ್ಲಿನ ಲೋಹ ಮಾರ್ಟೆನ್ಸೈಟ್ ಎಂಬ ಗಡಸು ರೂಪಕ್ಕೆ ತಿರುಗಿ ಗಟ್ಟಿಯಾಗುತ್ತದೆ. ಕಮ್ಮಾರ ಮಚ್ಚು ಕಾಯಿಸಿ ನೀರಿಗೆ ಅದ್ದಿದಾಗ ಆಗುವುದೂ ಇದೇ. ಎಮರಿ ಪೇಪರ್ ಆ ಮಚ್ಚೆಯ ಬಣ್ಣ ತೆಗೆಯುತ್ತದೆ, ಗಟ್ಟಿತನವನ್ನಲ್ಲ. ಲೇತಿನಲ್ಲಿ ಹಿಡಿದರೆ ಟೂಲ್ ಮಚ್ಚೆಯ ಮೇಲೆ ಜಿಗಿದು ಮುಂದೆ ಹೋಗುತ್ತದೆ, ಹಾಗಾಗಿ ಗ್ರೈಂಡಿಂಗೇ ಆಗಬೇಕು. ಗ್ರೈಂಡ್ ಮಾಡಿದರೂ ಗಟ್ಟಿತನ ಆಳಕ್ಕೆ ಇಳಿದಿದ್ದರೆ, ಅಕ್ಕಪಕ್ಕದ ಮೆತ್ತನೆಯ ಕಬ್ಬಿಣ ಬೇಗ ಸವೆದು ಮಚ್ಚೆಗಳು ಮತ್ತೆ ತಲೆ ಎತ್ತುತ್ತವೆ. ಬಿರುಕು ಬಿಟ್ಟಿದ್ದಂತೂ ಗ್ರೈಂಡಿಂಗಿಗೂ ಲಾಯಕ್ಕಲ್ಲ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಅಷ್ಟು ಭಾರದ ಚಕ್ರ ಅದು.

ಅಪ್ಪ ಬಗ್ಗಿ ನೋಡಿದರು. "ಪ್ಲೇಟ್ ಹಾಕಿದರೆ ಸಾಲದೇನಪ್ಪ? ಇದಕ್ಕೆ ಬೇರೆ ದುಡ್ಡು ಹಾಕಬೇಕೇ?" ಎಂದರು. ನಾನು ಅವರ ಬೆರಳನ್ನು ಹಿಡಿದು ಆ ಮಚ್ಚೆಯ ಮೇಲೆ ಆಡಿಸಿದೆ. ಮತ್ತೆ ಕೇಳಲಿಲ್ಲ. ಒಳಗೆ ಹೋಗಿ ದುಡ್ಡು ತಂದು ಕೊಟ್ಟರು.

ಫ್ಲೈವೀಲಿನ ಅಂಚಿಗೆ ಹಾಕಿರುವ ಹಲ್ಲಿನ ಬಳೆ, ಅಂದರೆ ರಿಂಗ್ ಗೇರಿನಲ್ಲಿ, ಎದುರುಬದುರಾಗಿ ಎರಡೇ ಕಡೆ ಹಲ್ಲುಗಳು ತಿಂದುಹೋಗಿದ್ದವು. ನಾಲ್ಕು ಸಿಲಿಂಡರಿನ ಎಂಜಿನ್ ಆಫ್ ಆದಾಗ ಕಂಪ್ರೆಶನ್ ತಡೆಯಿಂದ ಹೆಚ್ಚುಕಡಿಮೆ ಅವೇ ಎರಡು ಜಾಗದಲ್ಲಿ ನಿಲ್ಲುತ್ತದೆ, ಸ್ಟಾರ್ಟರ್ ಅಲ್ಲೇ ಕಚ್ಚುತ್ತದೆ. ಬೆಳಗ್ಗೆ ಕೀಲಿ ತಿರುಗಿಸಿದಾಗ ಆಗಾಗ ಬರುತ್ತಿದ್ದ ಕರ್ರ್ ಶಬ್ದಕ್ಕೂ ಉತ್ತರ ಸಿಕ್ಕಿತು.

ಬಿಡಿಭಾಗ ತರಲು ಜೆ.ಸಿ. ರಸ್ತೆಗೆ ಹೋಗುವಾಗ ಹಳೆಯ ಪ್ಲೇಟನ್ನು ಕೈಯಲ್ಲೇ ಹಿಡಿದುಕೊಂಡು ಹೋದೆ. ಒಂದೇ ಮಾಡೆಲ್ಲಿನಲ್ಲೂ ವರ್ಷ ಬದಲಾದರೆ ಪ್ಲೇಟಿನ ವ್ಯಾಸ, ನಡುವಿನ ತೂತಿನ ಹಲ್ಲುಗಳ (ಸ್ಪ್ಲೈನ್) ಎಣಿಕೆ ಬದಲಾಗಿರಬಹುದು. ಹೊಸ ಫ್ಲೈವೀಲ್ ರಿಂಗ್ ಗೇರ್ ಸಮೇತ, ಪ್ಲೇಟ್, ಪ್ರೆಶರ್ ಪ್ಲೇಟ್, ಪೆಡಲ್ ತುಳಿದಾಗ ಪ್ರೆಶರ್ ಪ್ಲೇಟನ್ನು ಒತ್ತುವ ರಿಲೀಸ್ ಬೇರಿಂಗ್, ಇನ್‌ಪುಟ್ ಶಾಫ್ಟಿನ ತುದಿ ಕೂರುವ ಪೈಲಟ್ ಬೇರಿಂಗ್, ಎಂಜಿನ್ನಿನ ಮುಖ್ಯ ಶಾಫ್ಟಾದ ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್, ಫ್ಲೈವೀಲಿನ ಹೊಸ ಬೋಲ್ಟುಗಳು, ಎಲ್ಲವನ್ನೂ ಬಿಲ್ ಹಾಕಿಸಿ ತಂದೆ. ಆಯಿಲ್ ಸೀಲ್ ಸಣ್ಣ ಸಾಮಾನು, ಆದರೆ ಅದು ಸೋರಿದರೆ ಹೊಸ ಪ್ಲೇಟ್ ಎಣ್ಣೆ ಕುಡಿದು ಹಾಳಾಗುತ್ತದೆ, ಗೇರ್‌ಬಾಕ್ಸ್ ಮತ್ತೆ ಇಳಿಸಬೇಕಾಗುತ್ತದೆ.

ಹಳೆಯ ಪೈಲಟ್ ಬೇರಿಂಗ್ ಕ್ರ್ಯಾಂಕಿನ ತುದಿಯಲ್ಲಿ ಗಟ್ಟಿಯಾಗಿ ಕೂತಿತ್ತು, ಹಿಡಿದು ಎಳೆಯಲು ಜಾಗವಿಲ್ಲ. ಅದರ ಹಿಂದಿನ ಟೊಳ್ಳಿಗೆ ಗ್ರೀಸ್ ಒತ್ತಿ ತುಂಬಿದೆ. ಬೇರಿಂಗಿನ ತೂತಿಗೆ ಸರಿಯಾಗಿ ಹಿಡಿಯುವಂತೆ ಒಂದು ಸರಳು ಕಡೆದುಕೊಂಡಿದ್ದೆ. ಅದನ್ನಿಟ್ಟು ಸುತ್ತಿಗೆಯಿಂದ ಬಡಿದೆ. ಗ್ರೀಸಿಗೆ ಓಡಲು ಬೇರೆ ದಾರಿಯಿಲ್ಲ, ಬೇರಿಂಗನ್ನೇ ತಳ್ಳಬೇಕು. ಏಳೆಂಟು ಏಟಿಗೆ ಒಂದು ನೂಲಿನಷ್ಟು ಈಚೆಗೆ ಬಂತು. ಮತ್ತೆ ಗ್ರೀಸ್ ತುಂಬಿ ಬಡಿದೆ. ಪುಳಕ್ಕನೆ ಅಂಗೈಗೆ ಬಿತ್ತು.

ಹೊಸ ಫ್ಲೈವೀಲಿಗೆ ತುಕ್ಕು ಹಿಡಿಯದಿರಲೆಂದು ಎಣ್ಣೆ ಸವರಿರುತ್ತಾರೆ, ಅದನ್ನು ಥಿನ್ನರ್‌ನಲ್ಲಿ ಪೂರ್ತಿ ಒರೆಸಿದೆ. ಕ್ರ್ಯಾಂಕಿನ ಮುಖವನ್ನೂ ಒರೆಸಿದೆ. ಅಲ್ಲೊಂದು ಕಸದ ಚೂರು ಉಳಿದರೆ ಅಂಚಿನಲ್ಲಿ ಅದು ಹಲವು ಪಟ್ಟು ಓಲಾಟವಾಗುತ್ತದೆ. ಬೋಲ್ಟುಗಳನ್ನು ಎದುರುಬದುರಾಗಿ ಮೂರು ಹಂತದಲ್ಲಿ, ಗಾಡಿಯ ಸರ್ವಿಸ್ ಪುಸ್ತಕದಲ್ಲಿರುವ ಅಳತೆಗೆ ಟಾರ್ಕ್ ರೆಂಚಿನಿಂದ ಬಿಗಿದೆ. ಡಯಲ್ ಗೇಜ್ ಇಟ್ಟು, ಕ್ರ್ಯಾಂಕನ್ನು ಒಂದೇ ಕಡೆಗೆ ಒತ್ತಿ ಹಿಡಿದು ತಿರುಗಿಸಿದಾಗ ಓಲಾಟ 0.05 ಮಿಲಿಮೀಟರ್ ತೋರಿಸಿತು. ಅಷ್ಟು ಹೊತ್ತು ಬಿಗಿಹಿಡಿದಿದ್ದ ಉಸಿರು ಬಿಟ್ಟೆ.

ಪ್ಲೇಟಿಗೂ ಮುಖ ಬೆನ್ನು ಇದೆ. ಸ್ಪ್ರಿಂಗ್ ಉಬ್ಬಿರುವ ಕಡೆ ಪ್ರೆಶರ್ ಪ್ಲೇಟಿನತ್ತ ಇರಬೇಕು, ಫ್ಲೈವೀಲಿನ ಕಡೆ ಯಾವುದೆಂದು ಬಹುತೇಕ ಪ್ಲೇಟುಗಳ ಮೇಲೆಯೇ ಅಚ್ಚು ಹಾಕಿರುತ್ತಾರೆ. ಸೆಂಟರ್ ಹಿಡಿಯಲು ನೈಲಾನ್ ಸರಳಿನಲ್ಲಿ ಇನ್‌ಪುಟ್ ಶಾಫ್ಟಿನ ಅಳತೆಗೆ ನಾನೇ ಕಡೆದ ಡಮ್ಮಿ ಶಾಫ್ಟ್ ಬಳಸಿದೆ. ಲೇತ್ ಇಲ್ಲದವರು ಹಳೆಯ ಇನ್‌ಪುಟ್ ಶಾಫ್ಟನ್ನೇ ಎರವಲು ತರಬಹುದು. ಕಣ್ಣಂದಾಜಿನಲ್ಲಿ ಮಾಡಬೇಡಿ. ಸ್ಪ್ಲೈನಿಗೆ ಗ್ರೀಸ್ ಬೆರಳ ತುದಿಯಷ್ಟು ಮಾತ್ರ.

ಗೇರ್‌ಬಾಕ್ಸ್ ಏರಿಸುವಾಗ ಸಂಜೆಯಾಗಿತ್ತು, ಮಳೆಯೂ ಶುರುವಾಯಿತು. ಟಾರ್ಪಾಲಿನ್ ಕಟ್ಟಿಕೊಂಡು ಮುಂದುವರಿಸಿದೆವು. ಗೇರ್‌ಬಾಕ್ಸ್ ಕೊನೆಯ ಒಂದಿಂಚು ಕೂರಲಿಲ್ಲ. ಭಾವಮೈದುನ "ಭಾವ, ಬೋಲ್ಟ್ ಹಾಕಿ ಎಳೆದುಬಿಡೋಣ" ಎಂದ. ಹಾಗೆ ಎಳೆದರೆ ಪ್ಲೇಟಿನ ಹಬ್ ಬಾಗುತ್ತದೆ ಅಥವಾ ಕ್ಲಚ್ಚನ್ನು ಮುಚ್ಚುವ ಬೆಲ್ ಹೌಸಿಂಗಿನ ಕಿವಿ ಮುರಿಯುತ್ತದೆ. ಗೇರಿಗೆ ಹಾಕಿ, ಹಿಂದಿನ ಫ್ಲ್ಯಾಂಜನ್ನು ಕೈಯಿಂದ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಜ್ಯಾಕನ್ನು ಅರ್ಧ ನೂಲು ಎತ್ತಿದೆ. ಸ್ಪ್ಲೈನ್ ಕೂಡಿಕೊಂಡು ಗೇರ್‌ಬಾಕ್ಸ್ ತಾನಾಗಿ ಒಳಗೆ ಜಾರಿತು.

ಕ್ಲಚ್ಚಿನ ಹಳೆಯ ಆಯಿಲ್ ಕಷಾಯದ ಬಣ್ಣಕ್ಕೆ ತಿರುಗಿತ್ತು, ಅದನ್ನು ತೆಗೆದು ಹೊಸದು ತುಂಬಿ ಗಾಳಿ ಬಿಡಿಸಿದೆ. ಪೆಡಲ್ ಮೊದಲಿಗೆ ಸಡಿಲವಾಗಿ ಇಳಿಯುವ ದೂರವನ್ನು (ಫ್ರೀ ಪ್ಲೇ) ಹೊಂದಿಸಿದೆ. ಮೊದಲ 500 ಕಿಲೋಮೀಟರ್ ಅರ್ಧ ಲೋಡ್ ಸಾಕು, ನಿಂತಾಗ ನ್ಯೂಟ್ರಲ್‌ಗೆ ಹಾಕಿ ಪೆಡಲಿನಿಂದ ಕಾಲು ತೆಗೆಯಿರಿ ಎಂದು ಅಪ್ಪನಿಗೆ ಹೇಳಿದೆ. ಅವರು ಹಾಗೆಯೇ ಮಾಡಿದರು.

ಮೊನ್ನೆ ಮತ್ತೆ ಗಾಡಿಯ ಕೆಳಗೆ ಮಲಗಿ ಟಾರ್ಚ್ ಬಿಟ್ಟು ನೋಡಿದೆ. ಬೆಲ್ ಹೌಸಿಂಗಿನ ತಳ ಒಣಗಿದೆ, ಒಂದು ಹನಿ ಎಣ್ಣೆಯಿಲ್ಲ. ನಾಳೆಯಿಂದ ಪೂರ್ತಿ ಲೋಡ್ ತರಬಹುದು ಎಂದೆ.